ದೊಡ್ಡಿಯ ಮನೆ ಮತ್ತು ಕಾಲಡಿಯ ನೆಲ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ‘ದೊಡ್ಡಿ’ ಎಂದು ಮುಗಿಯುವ ಊರುಗಳು ಹಲವು. ಭಾರತೀನಗರವೆಂದು ಹೆಸರಾದ ಕೆ.ಎಂ. ದೊಡ್ಡಿಯೂ ಮೂಲತಃ ಕಾಳಮುದ್ದನದೊಡ್ಡಿಯೇ. ದೊಡ್ಡಿಯೆಂದರೆ ದನ ಕೂಡುವ ಜಾಗ. ಊರಿನಿಂದ ದೂರದ ಹೊಲ, ದನಗಳನ್ನು ಕಾಯಲು ಹೋದವರು ಅಲ್ಲಿ ಗುಡಿಸಲು ಹಾಕಿದರು. ಮಕ್ಕಳು, ಮೊಮ್ಮಕ್ಕಳಾಗಿ ಗುಡಿಸಲುಗಳು ಬೀದಿಗಳಾದವು. ನೆಲ ಮಾತ್ರ ಎಷ್ಟೋ ಕಡೆ ಭೂಮಾಲೀಕನ ಅಥವಾ ಸರ್ಕಾರದ ಹೆಸರಿನಲ್ಲೇ ಉಳಿಯಿತು. ತರಗತಿಯಲ್ಲಿ ನಾನು ಊರು ಯಾವುದೆಂದು ಕೇಳಿದರೆ ದೊಡ್ಡಿಯ ಮಕ್ಕಳು ಮೂಲಗ್ರಾಮದ ಹೆಸರನ್ನು ಹೇಳುತ್ತಿದ್ದುದುಂಟು. ಕಂದಾಯ ದಾಖಲೆಯಲ್ಲಿದ್ದುದೂ ಅದೇ.

ಬಯಲಿನಲ್ಲಿ, ರಸ್ತೆಬದಿಯಲ್ಲಿ, ಮೇಲ್ಸೇತುವೆಯ ಕೆಳಗೆ ಬದುಕುವವರನ್ನು ನಮ್ಮ ಜನಗಣತಿ ವಸತಿಹೀನರೆಂದು ಎಣಿಸುತ್ತದೆ. ತಲೆಯ ಮೇಲೆ ಸೂರಿದ್ದೂ ಕಾಲಡಿಯ ನೆಲ ತಮ್ಮದಲ್ಲದವರು ಆ ಲೆಕ್ಕಕ್ಕೆ ಸೇರುವುದಿಲ್ಲ.

ದೇವರಾಜ ಅರಸರ ಕಾಲದ ಭೂಸುಧಾರಣೆಯನ್ನು ನಾವು ‘ಉಳುವವನೇ ಹೊಲದೊಡೆಯ’ ಎಂದಷ್ಟೇ ನೆನೆಯುತ್ತೇವೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಅದೇ ತಿದ್ದುಪಡಿಯಲ್ಲಿ 38ನೆಯ ಪ್ರಕರಣವೊಂದಿತ್ತು. ಪರರ ಜಮೀನಿನ ಮನೆಯಲ್ಲಿ ವಾಸವಿದ್ದ ಕೃಷಿ ಕೂಲಿಕಾರನೂ ಆ ಮನೆ, ನಿವೇಶನಗಳ ಒಡೆಯನಾಗಬಹುದೆಂದು ಅದು ಹೇಳಿತು. ಆದರೆ ಅರ್ಜಿಯನ್ನು ಅವನೇ ಕೊಡಬೇಕಿತ್ತು. ಮರುದಿನ ಕೂಲಿಗಾಗಿ ಅದೇ ಜಮೀನ್ದಾರನ ಬಾಗಿಲಿಗೆ ಹೋಗಬೇಕಾದವನಿಗೆ ಅದೇನು ಸುಲಭದ ಮಾತೇ?

1991-92ರಲ್ಲಿ ಆಶ್ರಯ ಯೋಜನೆ ಬಂದಿತು. 2000ನೆಯ ಇಸವಿಯಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಮನೆ ಕಟ್ಟಲು ಸಹಾಯಧನ ಬೇಕೆಂದರೆ ಮೊದಲು ನಿವೇಶನದ ದಾಖಲೆ ತೋರಿಸಬೇಕು. ಹೀಗಾಗಿ ಯಾರಿಗೆ ಮನೆಯ ಅಗತ್ಯ ಎಲ್ಲರಿಗಿಂತ ಹೆಚ್ಚಿತ್ತೋ ಅವರೇ ಸಾಲಿನ ಕೊನೆಯಲ್ಲಿ ನಿಂತರು.

ಈ ಗಂಟನ್ನು ಬಿಡಿಸಲು ಬಂದದ್ದು 2017ರ 38-ಎ ಪ್ರಕರಣ. ತಾಂಡಾ, ಗೊಲ್ಲರಹಟ್ಟಿ, ಹಾಡಿ, ಪಾಳ್ಯ, ಕ್ಯಾಂಪ್‌ಗಳೊಡನೆ ‘ದೊಡ್ಡಿ’ ಎಂಬ ನಮ್ಮ ಸೀಮೆಯ ಮಾತೂ ಕಾನೂನಿನೊಳಗೆ ಸೇರಿತು. ಇಂಥ ದಾಖಲೆರಹಿತ ವಸತಿಗಳನ್ನು ಕಂದಾಯ ಗ್ರಾಮಗಳಾಗಿಸಿ, ವಾಸವಿದ್ದವರಿಗೆ ಹಕ್ಕುಪತ್ರ ಕೊಡುವ ಕೆಲಸ ನಡೆಯಿತು. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ ಘೋಷಿಸಿದ ಹಕ್ಕುಪತ್ರಗಳ ಸಂಖ್ಯೆ 1,11,111. ಅರಸರ ಕಾಯಿದೆಯಿಂದ ಅಲ್ಲಿಗೆ ಐವತ್ತೊಂದು ವರ್ಷ. ಎರಡು ತಲೆಮಾರುಗಳ ಆಯುಷ್ಯ.

ಬೆಂಗಳೂರು, ಮೈಸೂರು ಸೇರಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಯುಗಾದಿಗೆ ಊರಿಗೆ ಹೋದಾಗ ಮನೆಯ ಟ್ರಂಕಿನಲ್ಲಿರುವ ಕಾಗದಗಳನ್ನು ಒಮ್ಮೆ ತೆಗೆದು ಓದಿ. ಹಕ್ಕುಪತ್ರ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ, ವಿವರ ಬಲ್ಲ ಅಜ್ಜಿ ಇರುವಾಗಲೇ ಖಾತೆ ಬದಲಾವಣೆಗೆ ಅರ್ಜಿ ಕೊಡಿ.