ದೊಡ್ಡಬೆಟ್ಟಕ್ಕೆ ಹೆಸರಿಟ್ಟವರು

‘ಊಟಿಯನ್ನು ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆಗೆ ‘ಜಾನ್ ಸಲಿವನ್, 1819’ ಎಂದು ಬರೆದ ಮಕ್ಕಳಿಗೆ ಇಪ್ಪತ್ತೈದು ವರ್ಷ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ. ಕೊಯಮತ್ತೂರಿನ ಆ ಕಲೆಕ್ಟರ್ ಸಾಹೇಬ ಬೆಟ್ಟ ಹತ್ತಿದ್ದೂ ನಿಜ, ಅಲ್ಲಿ ಕಲ್ಲಿನ ಮನೆ ಕಟ್ಟಿಸಿದ್ದೂ ನಿಜ. ಪಠ್ಯದಲ್ಲಿ ಇದ್ದದ್ದನ್ನು ಪಾಠ ಮಾಡಿದೆ. ಅದರಾಚೆ ಯೋಚಿಸಲು ನನಗೂ ಪುರುಸೊತ್ತಿರಲಿಲ್ಲ ಅನ್ನಿ.

ಹೋದ ಬೇಸಿಗೆ ರಜದಲ್ಲಿ ತಂಗಿಯೊಡನೆ ಊಟಿಗೆ ಹೋದೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಮುಗಿದರೆ ತಮಿಳುನಾಡು. ಬೋರ್ಡುಗಳೆಲ್ಲ ತಮಿಳಾದವು. ಮೇಲೇರಿದಂತೆ ಸ್ವೆಟರು ಸಾಲದೆ ಶಾಲು ಹೊದ್ದೆವು. ಮಾರನೆಯ ದಿನ ಕುನ್ನೂರಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಕತ್ತರಿಯಾಡಿಸಿದಂಥ ಟೀ ತೋಟ. ಕೇತ್ತಿಯಲ್ಲಿ ಬಿಳಿ ವಸ್ತ್ರ ಹೊದ್ದ ಒಬ್ಬ ಅಜ್ಜಿ, ಕಾಲೇಜು ಓದುವ ಮೊಮ್ಮಗಳ ಜೊತೆ ಹತ್ತಿ ನಮ್ಮೆದುರಿಗೇ ಕುಳಿತರು. ಅವರಿಬ್ಬರ ಮಾತು ತಮಿಳಲ್ಲ. ‘ಹಾಲು’ ಕೇಳಿಸಿತು, ‘ಮನೆ’ ಕೇಳಿಸಿತು. ನನಗೆ ತಡೆಯಲಾಗಲಿಲ್ಲ. “ನೀವು ಕನ್ನಡದವರಾ?” ಎಂದುಬಿಟ್ಟೆ.

ಅಜ್ಜಿ ನಕ್ಕರು. “ನಾವು ಬಡಗರು. ಕನ್ನಡಕ್ಕೆ ಹತ್ತಿರ, ಆದರೆ ನಮ್ಮದು ಬೇರೆ ಭಾಷೆ” ಎಂದು ಹುಡುಗಿ ಮೆಲ್ಲಗೆ ತಿದ್ದಿದಳು. ಸಿಕ್ಕಿದ್ದೆಲ್ಲ ನಮ್ಮದೆನ್ನುವ ಚಾಳಿ ನನ್ನದು, ಮುಖ ಸಣ್ಣದಾಯಿತು.

ಬಡಗ ಎಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಬಂದವರು. 1565ರಲ್ಲಿ ವಿಜಯನಗರ ಬಿದ್ದ ಮೇಲಿನ ಗಲಭೆಯ ಕಾಲದಲ್ಲಿ ಇವರ ಹಿರಿಯರು ಬೆಟ್ಟವೇರಿದರೆಂದು ಇತಿಹಾಸಕಾರರು ಹೇಳುತ್ತಾರೆ. 1603ರಲ್ಲಿ ಇಲ್ಲಿಗೆ ಬಂದ ಫೆನಿಚಿಯೊ ಎಂಬ ಜೆಸ್ವಿಟ್ ಪಾದ್ರಿ ತೋಡರ ಜೊತೆಗೆ ಬಡಗರ ಬಗ್ಗೆಯೂ ಬರೆದಿಟ್ಟಿದ್ದಾನೆ. ತೋಡರಂತೂ ಇನ್ನೂ ಹಳಬರು. ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಬೆದರಿಸಿ ನೀಲಗಿರಿಯನ್ನು ವಶಮಾಡಿಕೊಂಡನೆಂದು ಚಾಮರಾಜನಗರದ 1117ರ ಕನ್ನಡ ಶಾಸನ ಹೇಳುತ್ತದೆ. ಸಲಿವನ್ನನಿಗಿಂತ ಏಳುನೂರು ವರ್ಷ ಹಿಂದಿನ ಮಾತು! ಈ ಶಾಸನದ ವಿಷಯ ನಾನು ಬಿ.ಎ.ಯಲ್ಲಿ ಓದಿದ್ದೆ. ಆದರೂ ಪ್ರಶ್ನೆಪತ್ರಿಕೆ ಬರೆಯುವಾಗ ಅದು ನೆನಪಿಗೇ ಬರಲಿಲ್ಲವಲ್ಲ.

ಅಂಕದ ಕತೆ ಹೇಳಿದೆ. ಹುಡುಗಿ ಅಜ್ಜಿಗೆ ತಿಳಿಸಿದಳು. ಅಜ್ಜಿ ಏನೋ ಕೇಳಿದರು. “ದೊರೆ ಬಂದಾಗ ದೊಡ್ಡಬೆಟ್ಟಕ್ಕೆ ಹೆಸರಿರಲಿಲ್ಲವಾ ಅಂತ ಕೇಳ್ತಿದಾರೆ” ಎಂದಳು ಮೊಮ್ಮಗಳು. 2637 ಮೀಟರ್ ಎತ್ತರದ ಆ ಶಿಖರದ ಹೆಸರು ದೊಡ್ಡಬೆಟ್ಟ. ದಿನವೂ ಆಡುವ ಎರಡು ಪದ. ನಾನು ಒಂದು ಸಲವಾದರೂ ಕಿವಿಗೊಟ್ಟು ಕೇಳಿರಲಿಲ್ಲ.

ಟೀ ಮಾತ್ರ ದೊರೆಗಳ ಕಾಲದ್ದೇ. ಅದಕ್ಕೆ ಮೊದಲು ಈ ಇಳಿಜಾರುಗಳಲ್ಲಿ ಬಡಗರು ರಾಗಿ, ಸಾಮೆ ಬೆಳೆಯುತ್ತಿದ್ದರು. ಹುಲ್ಲುಗಾವಲಿನಲ್ಲಿ ತೋಡರ ಎಮ್ಮೆ ಮೇಯುತ್ತಿದ್ದವು. ಈಗ ಬಡಗರೂ ಸಣ್ಣ ಸಣ್ಣ ಟೀ ತೋಟದವರು. ಅಜ್ಜಿಯ ಮನೆಯಲ್ಲೂ ಸ್ವಲ್ಪ ತೋಟವಿದೆಯಂತೆ. ಹಸಿ ಎಲೆಯ ಬೆಲೆಯ ಮಾತು ಬಂದಾಗ ಅಜ್ಜಿ ಕೈ ಕೊಡವಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಇವರ ಭಾಷೆಗೆ ಕನ್ನಡದ ಅಕ್ಷರದ ನಂಟೂ ಇತ್ತು. ಕೇತ್ತಿಯಲ್ಲಿ 1846ರಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರು 1890ರಲ್ಲಿ ಮಂಗಳೂರಿನ ತಮ್ಮ ಮುದ್ರಣಾಲಯದಲ್ಲಿ ಬಡಗ ಭಾಷೆಯ ಕ್ರೈಸ್ತ ಪುಸ್ತಕವೊಂದನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದರು. ಇದೇ ಸಮುದಾಯದ ಅಕ್ಕಮ್ಮದೇವಿ 1962ರಲ್ಲಿ ನೀಲಗಿರಿಯಿಂದ ಲೋಕಸಭೆಗೆ ಗೆದ್ದರು. ಅವರ ಹೆಸರು ಹೇಳಿದಾಗ ಅಜ್ಜಿ ನೆಟ್ಟಗೆ ಕುಳಿತರು.

ಸಂಜೆ ಊಟಿಗೆ ಹಿಂದಿರುಗಿ ಸೇಂಟ್ ಸ್ಟೀಫನ್ಸ್ ಚರ್ಚು ನೋಡಿದೆವು. 1829ರಲ್ಲಿ ಅಡಿಗಲ್ಲು ಹಾಕಿದ ಚರ್ಚು. ತೊಲೆಗಳು ಟಿಪ್ಪುವಿನ ಶ್ರೀರಂಗಪಟ್ಟಣದ ಅರಮನೆಯವು. ಹಿಂದಿನ ಸ್ಮಶಾನದಲ್ಲಿ ಸಲಿವನ್ನನ ಹೆಂಡತಿ, ಮಗಳ ಸಮಾಧಿಗಳಿವೆ. ತಂಗಿ ಅಲ್ಲಿ ತುಂಬ ಹೊತ್ತು ನಿಂತಳು. ಊಟಿಗೆ ಅವರೂ ಬೆಲೆ ತೆತ್ತವರೇ.

ಬೆಂಗಳೂರಿಗೆ ಬಂದು ಮನೆ ಕಡೆಯ ಬಸ್ಸು ಹತ್ತಿದೆವು. ಕಂಡಕ್ಟರು “ಕುಂದಲಹಳ್ಳಿ, ಕುಂದಲಹಳ್ಳಿ” ಎಂದು ಕೂಗಿದ. ಪಕ್ಕದಲ್ಲಿದ್ದ ಹುಡುಗ ಮೊಬೈಲಿನಿಂದ ತಲೆಯೆತ್ತಿ, ಬ್ರೂಕ್‌ಫೀಲ್ಡ್ ಯಾವಾಗ ಬರುತ್ತದೆಂದು ಕೇಳಿದ. ಇದೇ ಕಣಪ್ಪ, ಇಳಿ ಎಂದೆ.