ಕಾರ್ಯಾಚರಣ ವ್ಯವಸ್ಥೆಯ ಅಳವಡಿಕೆ: ವೈಫಲ್ಯ ಮತ್ತು ದೋಷಪತ್ತೆ

ಮನೆಯ ಕಂಪ್ಯೂಟರಿಗೆ ವಿಂಡೋಸ್, ಉಬುಂಟು ಮೊದಲಾದ ಕಾರ್ಯಾಚರಣ ವ್ಯವಸ್ಥೆ (ಓಎಸ್) ಹಾಕುವಾಗ ಕೆಲಸ ನಡುವೆಯೇ ನಿಂತುಹೋಗುವುದನ್ನು ಅಳವಡಿಕೆಯ ವೈಫಲ್ಯ ಎನ್ನುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಕಂಪ್ಯೂಟರಿಗೆ ಹೊಸ ಓಎಸ್ ಹಾಕುವ ಕೆಲಸ ಈಗ ಅನೇಕ ಮನೆಗಳಿಗೆ ಬಂದಿದೆ. ಕೆಲಸ ಕೆಟ್ಟಾಗ ಬಹುಮಂದಿ ಮಾಡುವುದು ಒಂದೇ: ಮತ್ತೆ ಫಾರ್ಮ್ಯಾಟ್, ಮತ್ತೆ ಅದೇ ಪೆನ್‌ಡ್ರೈವ್. ಇದರಿಂದ ಕಾರಣ ತಿಳಿಯುವುದಿಲ್ಲ, ಉಳಿದಿದ್ದ ಕಡತಗಳೂ ಹೋಗಬಹುದು. ಅಳವಡಿಕೆ ಯಾವ ಹಂತದಲ್ಲಿ ನಿಂತಿತು ಎಂಬುದೇ ದೊಡ್ಡ ಸುಳಿವು. ಪೆನ್‌ಡ್ರೈವ್ ಬೂಟ್ ಆಗದಿರುವುದು, ಡಿಸ್ಕ್ ಕಾಣದಿರುವುದು, ಕಡತಗಳು ನಕಲಾಗುತ್ತ ನಿಲ್ಲುವುದು, ಎಲ್ಲ ಮುಗಿದ ಮೇಲೂ ಪರದೆ ಕಪ್ಪಾಗಿರುವುದು ಇವೆಲ್ಲ ಬೇರೆ ಬೇರೆ ತೊಂದರೆಗಳು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಕಡತಗಳ ರಕ್ಷಣೆ

ವೈಫಲ್ಯದ ನಂತರವೂ ಹಳೆಯ ಡಿಸ್ಕಿನಲ್ಲಿ ಫೋಟೊ, ದಾಖಲೆಗಳು ಉಳಿದಿರುವ ಸಾಧ್ಯತೆ ಹೆಚ್ಚು. ಉಬುಂಟು ಪೆನ್‌ಡ್ರೈವಿನಿಂದ ‘ಟ್ರೈ ಉಬುಂಟು’ ಆರಿಸಿಕೊಂಡರೆ ಡಿಸ್ಕಿಗೆ ಏನನ್ನೂ ಬರೆಯದೆ ಕಂಪ್ಯೂಟರ್ ನಡೆಸಬಹುದು. ಆಗ ಬೇಕಾದ್ದನ್ನು ಹೊರಗಿನ ಡಿಸ್ಕಿಗೆ ನಕಲಿಸಿಕೊಳ್ಳಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಅದು ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ.

ಕನ್ನಡದಲ್ಲಿ ಬಹುಕಾಲದಿಂದ ಬರೆಯುತ್ತ ಬಂದವರು ಇನ್ನೊಂದನ್ನು ಮರೆಯಬಾರದು. ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್‌ಗೆ ಮುಂಚಿನ ವಿಧಾನದಲ್ಲಿ ಟೈಪ್ ಮಾಡಿಟ್ಟ ಕಡತಗಳು ತಮ್ಮ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿರುವುದಿಲ್ಲ, ಫಾಂಟ್ ಅಳಿದಿರುತ್ತದೆ ಅಷ್ಟೆ. ಆದ್ದರಿಂದ ಹಳೆಯ ವಿಂಡೋಸ್ ಫಾಂಟ್ಸ್ ಫೋಲ್ಡರಿನಲ್ಲಿರುವ ಕನ್ನಡ ಫಾಂಟುಗಳನ್ನೂ ದಾಖಲೆಗಳ ಜೊತೆಗೇ ಎತ್ತಿಟ್ಟುಕೊಳ್ಳಬೇಕು.

ಪೆನ್‌ಡ್ರೈವ್

ಇಳಿಸಿಕೊಂಡ ಐಎಸ್ಒ (ಓಎಸ್ ಅಳವಡಿಕೆಯ) ಕಡತವನ್ನು ಹಾಗೆಯೇ ಪೆನ್‌ಡ್ರೈವಿಗೆ ನಕಲಿಸಿದರೆ ಬೂಟ್ ಆಗುವುದಿಲ್ಲ. ರೂಫಸ್, ವೆಂಟಾಯ್, ಎಚರ್‌ನಂಥ ತಂತ್ರಾಂಶದಿಂದಲೋ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದಲೋ ಪೆನ್‌ಡ್ರೈವನ್ನು ಸಿದ್ಧಪಡಿಸಬೇಕು. ವಿಂಡೋಸ್‌ಗೆ ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಬೇಕು. ಕೈಯಾರೆ ಸಿದ್ಧಪಡಿಸುವವರಿಗೆ ಎದುರಾಗುವ ತೊಡಕು ಫ್ಯಾಟ್32ರದು: ಆ ಕಡತವ್ಯವಸ್ಥೆ 4 ಜಿಬಿಗಿಂತ ದೊಡ್ಡ ಕಡತವನ್ನು ಹಿಡಿಸಿಕೊಳ್ಳುವುದಿಲ್ಲ. ವಿಂಡೋಸ್ ಐಎಸ್ಒಗಳೊಳಗಿನ ಮುಖ್ಯ ಕಡತ ಹಲವು ಬಾರಿ ಆ ಮಿತಿಯನ್ನು ದಾಟಿರುತ್ತದೆ.

80070570 ಅಥವಾ 8007025ಡಿ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಬಂದರೆ ಅಳವಡಿಕೆಯ ಕಡತಗಳನ್ನು ಸರಿಯಾಗಿ ಓದಲು ಆಗುತ್ತಿಲ್ಲ ಎಂದರ್ಥ. ಐಎಸ್ಒ ಪೂರ್ತಿ ಇಳಿದಿದೆಯೇ ಎಂದು ತಿಳಿಯಲು ಅದರ ಎಸ್‌ಎಚ್‌ಎ-256 ಮೊತ್ತವನ್ನು ಪ್ರಕಾಶಕರು ಕೊಟ್ಟಿರುವ ಮೊತ್ತದೊಂದಿಗೆ ಹೋಲಿಸಬೇಕು. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಆದೇಶ ಈ 64 ಅಕ್ಷರಗಳ ಸಾಲನ್ನು ತೆಗೆದುಕೊಡುತ್ತದೆ. ಒಂದೇ ಅಕ್ಷರ ಬೇರೆಯಾದರೂ ಐಎಸ್ಒ ಮತ್ತೆ ಇಳಿಸಬೇಕು. ಮೊತ್ತ ಸರಿಯಿದ್ದೂ ದೋಷ ಉಳಿದರೆ ಪೆನ್‌ಡ್ರೈವನ್ನೇ ಬದಲಾಯಿಸಿ ನೋಡಬೇಕು. ಮೇಲೆ ಬರೆದಷ್ಟು ಜಾಗವಿಲ್ಲದ ನಕಲಿ ಪೆನ್‌ಡ್ರೈವುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ.

ಬಯೋಸ್, ಯುಇಎಫ್ಐ ಮತ್ತು ಡಿಸ್ಕಿನ ಶೈಲಿ

ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿ. 1981ರ ಐಬಿಎಂ ಪಿಸಿಯೊಂದಿಗೆ ಬಂದ, ಕಂಪ್ಯೂಟರನ್ನು ಬೂಟ್ ಮಾಡುವ ಬಯೋಸ್ ಪದ್ಧತಿಯ ಜಾಗವನ್ನು ಈಗ ಯುಇಎಫ್ಐ ಹಿಡಿದಿದೆ. ಇದರ ವಿಧಿವಿಧಾನಗಳನ್ನು 2005ರಲ್ಲಿ ರೂಪುಗೊಂಡ ಯುಇಎಫ್ಐ ಫೋರಂ ನೋಡಿಕೊಳ್ಳುತ್ತದೆ. ಡಿಸ್ಕಿನ ಪಾರ್ಟಿಷನ್ ಪಟ್ಟಿಯಲ್ಲೂ ಎರಡು ಶೈಲಿಗಳಿವೆ. ಹಳೆಯ ಎಂಬಿಆರ್‌ನಲ್ಲಿ ನಾಲ್ಕೇ ಪ್ರಾಥಮಿಕ ಪಾರ್ಟಿಷನ್, ಸುಮಾರು 2 ಟಿಬಿ ಮಿತಿ. ಹೊಸ ಜಿಪಿಟಿಯಲ್ಲಿ ವಿಂಡೋಸ್ 128 ಪಾರ್ಟಿಷನ್‌ಗಳಿಗೆ ಅವಕಾಶ ಕೊಡುತ್ತದೆ. ವಿಂಡೋಸ್ ಯುಇಎಫ್ಐ ಮೂಲಕ ಬೂಟ್ ಆಗಲು ಜಿಪಿಟಿ ಬೇಕು, ಹಳೆಯ ಬಯೋಸ್ ಪದ್ಧತಿಗೆ ಎಂಬಿಆರ್ ಬೇಕು. ಜೋಡಿ ತಪ್ಪಿದರೆ ‘ಈ ಡಿಸ್ಕಿಗೆ ವಿಂಡೋಸ್ ಹಾಕಲಾಗದು’ ಎಂಬ ಸಂದೇಶ ಬರುತ್ತದೆ.

ಈ ಸಂದೇಶ ಕಂಡ ಕೂಡಲೇ ಡಿಸ್ಕ್ ಅಳಿಸಬೇಕಾಗಿಲ್ಲ. ಬೂಟ್ ಮೆನು ತೆರೆದರೆ (ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9) ಒಂದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಕಾಣಬಹುದು. ಒಂದರ ಮುಂದೆ ಯುಇಎಫ್ಐ ಎಂದಿರುತ್ತದೆ. ಹಿಂದೆ ಯಾವುದನ್ನು ಒತ್ತಿದ್ದರೋ ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿದರೆ ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಹಳೆಯ ವಿಂಡೋಸ್ ಇನ್ನೂ ಡಿಸ್ಕಿನಲ್ಲಿದ್ದರೆ ಎಂಬಿಆರ್2ಜಿಪಿಟಿ ಎಂಬ ಮೈಕ್ರೋಸಾಫ್ಟ್ ಸಾಧನ ಕಡತಗಳನ್ನು ಅಳಿಸದೆ ಶೈಲಿಯನ್ನು ಬದಲಾಯಿಸಿಕೊಡುತ್ತದೆ.

ಅಳಿಸುವುದೇ ದಾರಿಯಾದಾಗ ವಿಂಡೋಸ್ ಅಳವಡಿಕೆಯ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಆದೇಶದ ಕಪ್ಪು ಕಿಟಕಿ ತೆರೆಯುತ್ತದೆ. ಡಿಸ್ಕ್‌ಪಾರ್ಟ್ ಎಂದು ಕೊಟ್ಟು, ಬಳಿಕ ಲಿಸ್ಟ್ ಡಿಸ್ಕ್ ಎಂದರೆ ಡಿಸ್ಕ್ 0, ಡಿಸ್ಕ್ 1 ಎಂದು ಸಾಲಾಗಿ ಪಟ್ಟಿ ಬರುತ್ತದೆ. ಜಿಪಿಟಿ ಶೈಲಿಯ ಡಿಸ್ಕಿನ ಸಾಲಿನ ಕೊನೆಯಲ್ಲಿ ನಕ್ಷತ್ರದ ಗುರುತಿರುತ್ತದೆ. ಪೆನ್‌ಡ್ರೈವ್ ಕೂಡ ಈ ಪಟ್ಟಿಯಲ್ಲೇ ಇರುತ್ತದೆ, ಚುಚ್ಚಿಟ್ಟ ಬ್ಯಾಕಪ್ ಡಿಸ್ಕೂ ಇರುತ್ತದೆ. ಅವುಗಳನ್ನು ಬೇರ್ಪಡಿಸಲು ಗಾತ್ರವನ್ನು ನೋಡಬೇಕು: 500 ಜಿಬಿ ಡಿಸ್ಕ್ ಇಲ್ಲಿ 465 ಎಂದೂ 1 ಟಿಬಿ ಡಿಸ್ಕ್ 931 ಎಂದೂ ಕಾಣುತ್ತದೆ. ಕ್ಲೀನ್ ಎಂಬ ಆದೇಶ ಮರುಪ್ರಶ್ನೆ ಕೇಳದೆ, ಆಯ್ದುಕೊಂಡ ಇಡೀ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು ತೆಗೆದುಹಾಕುತ್ತದೆ. ಹಾಗಾಗಿ ಈ ಹಂತಕ್ಕೆ ಬರುವ ಮುನ್ನ ಅಳಿಸಬಾರದ ಡಿಸ್ಕುಗಳ ಕೇಬಲ್ಲನ್ನೇ ಬಿಚ್ಚಿಡುವುದು ಕ್ಷೇಮ.

ಡಿಸ್ಕ್ ಕಾಣದಿದ್ದರೆ

ಇಂಟೆಲ್ 11ನೇ ಪೀಳಿಗೆ ಮತ್ತು ನಂತರದ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಅಳವಡಿಕೆಯ ಪರದೆ ‘ಯಾವ ಡ್ರೈವೂ ಸಿಗಲಿಲ್ಲ’ ಎನ್ನುತ್ತದೆ. ಹೊಸ ಎಸ್‌ಎಸ್‌ಡಿ ಕೆಟ್ಟಿದೆ ಎಂದು ಗಾಬರಿಪಡುವ ಮುನ್ನ ಬಯೋಸ್ (ಯುಇಎಫ್ಐ) ಸೆಟ್ಟಿಂಗ್ಸ್ ಪುಟವನ್ನು ನೋಡಬೇಕು. ಅಲ್ಲಿ ಡಿಸ್ಕಿನ ಹೆಸರು ಕಂಡರೆ ಕೊರತೆ ಡ್ರೈವರಿನದು. ಇಂಟೆಲ್‌ನ ವಿಎಂಡಿ ವ್ಯವಸ್ಥೆಯ ಹಿಂದಿರುವ ಡಿಸ್ಕನ್ನು ಗುರುತಿಸಲು ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಬೇಕು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಅದನ್ನು ಇಳಿಸಿ, ಬಿಚ್ಚಿದ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತಿ ತೋರಿಸಬೇಕು. ಬಯೋಸ್‌ನಲ್ಲಿ ವಿಎಂಡಿಯನ್ನೇ ನಿಷ್ಕ್ರಿಯಗೊಳಿಸುವ ಅಡ್ಡದಾರಿಯೂ ಇದೆ, ಆದರೆ ಆ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ವಿಂಡೋಸ್ ಆಮೇಲೆ ಬೂಟ್ ಆಗದಿರಬಹುದು.

ಡಿಸ್ಕ್ ಕಂಡರೂ ಕಂಪ್ಯೂಟರ್ ಅರ್ಹವಾಗಿರಬೇಕು: ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಪಟ್ಟಿಯಲ್ಲಿರುವ ಪ್ರೊಸೆಸರ್, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಕಡ್ಡಾಯ. ಟಿಪಿಎಂ ಇದ್ದೂ ಬಯೋಸ್‌ನಲ್ಲಿ ನಿಷ್ಕ್ರಿಯಗೊಳಿಸಿಟ್ಟಿರುವುದು ಸಾಮಾನ್ಯ. ಇಂಟೆಲ್ ಕಂಪ್ಯೂಟರುಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ನಡುವೆ ನಿಂತರೆ

ಒಮ್ಮೆ ಶೇಕಡ 20ರಲ್ಲಿ, ಇನ್ನೊಮ್ಮೆ 70ರಲ್ಲಿ, ಪ್ರತಿ ಸಲವೂ ಬೇರೆ ಬೇರೆ ಕಡೆ ನಿಂತರೆ ರ‍್ಯಾಮ್ ಮೇಲೆ ಅನುಮಾನ ಪಡಬೇಕು. ಮೆಮ್‌ಟೆಸ್ಟ್86+ ಎಂಬ ಉಚಿತ ಸಾಧನವನ್ನು ರಾತ್ರಿಯಿಡೀ ಓಡಿಸಿ, ದೋಷ ಕಂಡರೆ ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. ಯಾವಾಗಲೂ ಒಂದೇ ಕಡೆ ನಿಂತರೆ ಪೆನ್‌ಡ್ರೈವ್, ಡಿಸ್ಕ್ ಅಥವಾ ಡ್ರೈವರ್ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಪ್ರಿಂಟರ್, ವೆಬ್‌ಕ್ಯಾಮ್, ಹೆಚ್ಚುವರಿ ಡಿಸ್ಕುಗಳನ್ನು ಕಳಚಿ ಇನ್ನೊಮ್ಮೆ ಪ್ರಯತ್ನಿಸಬೇಕು. ವಿಂಡೋಸ್ ತನ್ನ ನಡೆಯನ್ನೆಲ್ಲ ಪ್ಯಾಂಥರ್ ಎಂಬ ಫೋಲ್ಡರಿನಲ್ಲಿ ದಾಖಲಿಸುತ್ತ ಹೋಗುತ್ತದೆ. ಅಲ್ಲಿನ ಸೆಟಪ್‌ಎರರ್ ಲಾಗ್‌ನ ಕೊನೆಯ ಸಾಲುಗಳು ಪರದೆಯ ಸಂದೇಶಕ್ಕಿಂತ ಹೆಚ್ಚು ಹೇಳುತ್ತವೆ. ಹಳೆಯ ವಿಂಡೋಸ್ ಮೇಲೆಯೇ ಹೊಸತನ್ನು ಏರಿಸುವಾಗ ಸಿ1900101 ಎಂಬ ಸಂಖ್ಯೆ ಬಂದರೆ ಸಾಮಾನ್ಯವಾಗಿ ಡ್ರೈವರ್ ತಕರಾರು. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಲಿನಕ್ಸ್‌ನಲ್ಲಿ

ಉಬುಂಟು ಪೆನ್‌ಡ್ರೈವ್ ಬೂಟ್ ಆಗುವಾಗಲೇ ಪರದೆ ಕಪ್ಪಾದರೆ, ಅದರಲ್ಲೂ ಎನ್ವಿಡಿಯಾ ಕಾರ್ಡ್ ಇದ್ದರೆ, ಗ್ರಬ್ ಎಂಬ ಬೂಟ್ ಮೆನುವಿನಲ್ಲಿ ಇ ಕೀಲಿ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿಗೆ ನೋಮೋಡ್‌ಸೆಟ್ ಸೇರಿಸಿ, ಎಫ್10 ಒತ್ತಬೇಕು. ವಿಂಡೋಸ್ ಜೊತೆಗೇ ಲಿನಕ್ಸ್ ಇಟ್ಟುಕೊಳ್ಳುವವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಬೇಕು. ಅದು ಚಾಲೂ ಇದ್ದಾಗ ವಿಂಡೋಸ್ ಪಾರ್ಟಿಷನ್ ಅರೆನಿದ್ರೆಯಲ್ಲಿರುತ್ತದೆ, ಲಿನಕ್ಸ್‌ಗೆ ಅದರಲ್ಲಿ ಬರೆಯಲು ಆಗುವುದಿಲ್ಲ. ಅಳವಡಿಕೆ ಸುಸೂತ್ರವಾಗಿ ಮುಗಿದೂ ನೇರ ವಿಂಡೋಸೇ ತೆರೆದುಕೊಂಡರೆ ಬಯೋಸ್‌ನ ಬೂಟ್ ಕ್ರಮದಲ್ಲಿ ಉಬುಂಟುವನ್ನು ಮೇಲಕ್ಕೆ ತಂದರೆ ಸಾಕಾಗಬಹುದು.

ವಿಂಡೋಸ್ ಪರವಾನಗಿ

ಮರಳಿ ಅಳವಡಿಸುವಾಗ ವಿಂಡೋಸ್ ಪರವಾನಗಿ ಕಳೆದುಹೋಗುತ್ತದೆ ಎಂಬ ಭಯ ಬೇಡ. ಡಿಜಿಟಲ್ ಪರವಾನಗಿ ಯಂತ್ರಾಂಶಕ್ಕೆ ಜೋಡಿಸಿಕೊಂಡಿರುವುದರಿಂದ ಅದೇ ಕಂಪ್ಯೂಟರಿಗೆ ಅದೇ ಆವೃತ್ತಿಯನ್ನು ಹಾಕಿದರೆ ಇಂಟರ್ನೆಟ್ ಸಿಕ್ಕಾಗ ತಾನಾಗಿ ಸಕ್ರಿಯವಾಗುತ್ತದೆ. ಹೋಮ್ ಇದ್ದಲ್ಲಿ ಪ್ರೊ ಹಾಕಿದರೆ ಹೀಗಾಗುವುದಿಲ್ಲ, ಮದರ್‌ಬೋರ್ಡ್ ಬದಲಾಯಿಸಿದ್ದರೂ ಪರವಾನಗಿಯನ್ನು ಹೊಸದಾಗಿ ಸಕ್ರಿಯಗೊಳಿಸಬೇಕಾಗುತ್ತದೆ.