ಬೆರಳಿಲ್ಲದ ಗುಮಾಸ್ತ



ಅಥಣಿ ಸೀಮೆಯ ಕೊಕಟನೂರಿನಂತಹ ಊರುಗಳಲ್ಲಿ ಹೊಲದ ಹಕ್ಕನ್ನು ಹೇಳುವ ಕಾಗದಕ್ಕೆ 'ಉತಾರ' ಎನ್ನುತ್ತಾರೆ. ಬ್ಯಾಂಕಿನ ಸಾಲ, ಖರೀದಿ, ಅಣ್ಣತಮ್ಮಂದಿರ ಪಾಲು ಎಲ್ಲಕ್ಕೂ ಅದೇ ಆಧಾರ. ಅದರಲ್ಲಿ ಒಂದು ಹೆಸರು ಹೋಗಿ ಇನ್ನೊಂದು ಬಂದರೆ ಒಂದು ಮನೆತನವೇ ಬೀದಿಗೆ ಬರಬಹುದು. ಹಾಗಾದರೆ ಆ ದಾಖಲೆಯನ್ನು ಯಾರು ತಿದ್ದಬಹುದು? ತಿದ್ದಿದವರು ಯಾರೆಂದು ಮುಂದೆ ತಿಳಿಯುವುದು ಹೇಗೆ?

ಈ ಪ್ರಶ್ನೆಗಳು ಹಳೆಯವು. 1956ರವರೆಗೆ ಈ ಭಾಗ ಮುಂಬಯಿ ರಾಜ್ಯದಲ್ಲಿತ್ತು. ಊರಿನ ಲೆಕ್ಕ ವಂಶಪಾರಂಪರ್ಯವಾಗಿ ಕುಲಕರ್ಣಿಗಳ ಕೈಯಲ್ಲಿತ್ತು. 1950ರ ಕಾನೂನು ಅವರ ವತನವನ್ನು ರದ್ದುಗೊಳಿಸಿತು. ಸಂಬಳದ ತಲಾಠಿಗಳ ಪದ್ಧತಿ ನೆಲೆಯೂರಿತು. ಆದರೂ ದಫ್ತರ ಒಬ್ಬರ ಬಳಿಯೇ ಉಳಿಯಿತು.

ಹೊಸ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆ ಬಂತು. ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಆದರೆ ಗಣಕಯಂತ್ರ ತಾನಾಗಿಯೇ ಮೋಸವನ್ನು ತಡೆಯುವುದಿಲ್ಲ; ಕಾವಲಿಲ್ಲದಿದ್ದರೆ ತಿದ್ದುವುದು ಇನ್ನೂ ಸುಲಭ, ಗುರುತೂ ಉಳಿಯದು. ಆದ್ದರಿಂದ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ಏರ್ಪಾಡಾಯಿತು. ಗುಪ್ತಪದವನ್ನು ಪಕ್ಕದವರಿಗೆ ಹೇಳಿಕೊಡಬಹುದು, ಬೆರಳನ್ನು ಕೊಡಲಾಗದು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ದಾಖಲಾಯಿತು. ರೈತನೂ ನೋಡಲೆಂದು ಕಿಂಡಿಯಾಚೆಗೆ ಇನ್ನೊಂದು ಪರದೆ ಬಂತು.

ಇದರ ಹಿಂದಿನ ವಿಚಾರ ಜಗತ್ತಿನಲ್ಲಿ ಅದಾಗಲೇ ಬೆಳೆದಿತ್ತು. ಅನೇಕರು ಒಂದೇ ಗಣಕಯಂತ್ರವನ್ನು ಬಳಸತೊಡಗಿದಾಗ, 1960ರ ದಶಕದಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಗುಪ್ತಪದ ಬಳಕೆಗೆ ಬಂತು. 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿಜ್ಞಾನಿಗಳು ಒಂದು ನಿಯಮವನ್ನು ಸ್ಪಷ್ಟವಾಗಿ ಬರೆದರು: ಯಾರಿಗೇ ಆಗಲಿ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು.

ಈಗ ಕಚೇರಿಗೆ ಹೊಸ ಗುಮಾಸ್ತ ಬಂದಿದ್ದಾನೆ. ಅವನೇ ಕೃತಕ ಬುದ್ಧಿಮತ್ತೆಯ 'ಏಜೆಂಟ್'. ಅವನು ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವುದಿಲ್ಲ. ತಂತ್ರಾಂಶದೊಳಗೆ ಹೋಗಿ ಕೆಲಸವನ್ನೂ ಮಾಡುತ್ತಾನೆ. ಆದರೆ ಅವನಿಗೆ ಬೆರಳಿಲ್ಲ!

ಒಂದು ಸಕ್ಕರೆ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಕಬ್ಬಿನ ತೂಕದ ಚೀಟಿ ಓದಿ ರೈತರ ಬಿಲ್ಲು ಸಿದ್ಧಪಡಿಸುವ ಕೆಲಸ ಏಜೆಂಟನದು. ಅವನನ್ನು ವ್ಯವಸ್ಥಾಪಕರ ಹೆಸರಿನಲ್ಲಿ ಒಳಗೆ ಬಿಟ್ಟರೆ, ನಾಳೆ ತಪ್ಪಾದಾಗ ಮಾಡಿದ್ದು ಮನುಷ್ಯನೋ ಯಂತ್ರವೋ ತಿಳಿಯದು. ಅವನಿಗೆ ಅವನದೇ ಖಾತೆ ಬೇಕು. ತೂಕವನ್ನು ಓದಬಹುದು, ತಿದ್ದಬಾರದು. ಬಿಲ್ಲು ಬರೆಯಬಹುದು, ಹಣ ಕಳುಹಿಸಲು ಅಧಿಕಾರಿಯ ಒಪ್ಪಿಗೆ ಬೇಕು. ರೈತನ ಬ್ಯಾಂಕ್ ಖಾತೆಯ ಸಂಖ್ಯೆಯನ್ನಂತೂ ಮುಟ್ಟಕೂಡದು. ಪ್ರತಿ ಹೆಜ್ಜೆಯೂ ಅವನೇ ಅಳಿಸಲಾಗದ ದಿನವಹಿಯಲ್ಲಿ ದಾಖಲಾಗಬೇಕು. ಆ ದಿನವಹಿಯನ್ನು ಓದಲು, ಸಂಶಯ ಬಂದೊಡನೆ ಅವನನ್ನು ನಿಲ್ಲಿಸಲು ಒಬ್ಬ ಹೊಣೆಗಾರ ಮನುಷ್ಯನಿರಬೇಕು. ಒಂದು ನಿಮಿಷದಲ್ಲಿ ನೂರಾರು ಬಿಲ್ಲು ಬರೆಯುವವನು ನೂರಾರು ತಪ್ಪುಗಳನ್ನೂ ಮಾಡಬಲ್ಲನಷ್ಟೆ.

ನಿಮ್ಮ ಮನೆಯಲ್ಲಿ ಉತಾರ ಇದ್ದರೆ ತೆಗೆದು ನೋಡಿ. ಮಾಲೀಕರ ಹೆಸರಿನ ಬಳಿ ಹಕ್ಕು ಬದಲಾವಣೆಯ ಸಂಖ್ಯೆ ಇರುತ್ತದೆ. ಆ ಹೆಸರು ಯಾವ ಆದೇಶದಿಂದ ಅಲ್ಲಿಗೆ ಬಂತೆಂದು ಹುಡುಕಲು ಅದೇ ದಾರಿ. ಯಂತ್ರ ಬರೆಯುವ ಪ್ರತಿ ಸಾಲಿಗೂ ಅಂಥದೊಂದು ಸಂಖ್ಯೆ ಇದೆಯೇ ಎಂದು ಕೇಳುವ ಕೆಲಸ ಮುಂದೆ ನಿಮ್ಮದು.